ಸೋಯಾ ಅವರೆ ಮತ್ತು ಸಾರಜನಕದ ಲೆಕ್ಕ

ದ್ವಿದಳಧಾನ್ಯವನ್ನು ಬೆಳೆದ ನೆಲ ಸಾರವತ್ತಾಗುತ್ತದೆಂಬುದು ರೈತರು ಬಹುಕಾಲದಿಂದ ಬಲ್ಲ ಸಂಗತಿ. ಇದರ ಕಾರಣವನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು 1886-88ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಅಮೆರಿಕದ ಅಯೋವ, ಇಲಿನಾಯ್ ಸಂಸ್ಥಾನಗಳಲ್ಲಿ ಒಂದು ವರ್ಷ ಮುಸುಕಿನ ಜೋಳ, ಮರುವರ್ಷ ಸೋಯಾ ಅವರೆ ಎಂಬ ಸರದಿ ಬೇರೂರಿರುವುದಕ್ಕೆ ಇದೂ ಒಂದು ಕಾರಣ. ಆದರೆ ಸೋಯಾ ಅವರೆ ನಿಜವಾಗಿಯೂ ನೆಲದಲ್ಲಿ ಸಾರಜನಕವನ್ನು ಕೂಡಿಡುತ್ತದೆಯೆ?

ಲೆಕ್ಕ ಹಾಕಿ ನೋಡೋಣ. ನೂರು ಕಿಲೋಗ್ರಾಂ ಸೋಯಾ ಕಾಳಿನಲ್ಲಿ ಸುಮಾರು 6 ಕಿಲೋಗ್ರಾಂ ಸಾರಜನಕವಿರುತ್ತದೆ. ಹೆಕ್ಟೇರಿಗೆ 3 ಟನ್ನು ಬೆಳೆದವನು ಕಾಳಿನೊಡನೆ 180 ಕಿಲೋ ಸಾರಜನಕವನ್ನೂ ಗಾಡಿಗೇರಿಸಿದಂತಾಯಿತು. ಅಂಥ ಬೆಳೆಯ ಕಾಳು, ಎಲೆ, ಕಾಂಡಗಳಲ್ಲೆಲ್ಲ ಸೇರಿ ಇರುವುದು ಸುಮಾರು 240 ಕಿಲೋ. ಅದರಲ್ಲಿ ಗಾಳಿಯಿಂದ ಬಂದದ್ದು ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು, ಎಂದರೆ 130 ಕಿಲೋ ಎಂದಿಟ್ಟುಕೊಳ್ಳೋಣ. ಹಾಗಾದರೆ ನೆಲಕ್ಕೆ ಲಾಭವಲ್ಲ, 50 ಕಿಲೋ ನಷ್ಟ!

ಆದರೂ ಸೋಯಾ ಬೆಳೆದ ನೆಲದಲ್ಲಿ ಜೋಳಕ್ಕೆ ಕಡಿಮೆ ಗೊಬ್ಬರ ಸಾಕಾಗುವುದು ಸುಳ್ಳಲ್ಲ. ಜೋಳದ ದಂಟಿನಲ್ಲಿ ಇಂಗಾಲ ಅಧಿಕ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆಯನ್ನು ಮಣ್ಣಿನಿಂದಲೇ ತುಂಬಿಕೊಳ್ಳುತ್ತವೆ. ಸೋಯಾ ಕಸವಾದರೋ ಅಲ್ಪ, ಬೇಗನೆ ಕೊಳೆಯುವಂಥದು. ಸೋಯಾ ಕೊಡುವ ಉಡುಗೊರೆಯೆಂದು ನಾವು ಕರೆಯುವುದು ಬಹುಮಟ್ಟಿಗೆ ಅದು ಹಾಕದೆ ಬಿಟ್ಟ ಸಾಲವೇ ಆಗಿದೆ.

ಸೋಯಾಕ್ಕೆ ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕುವುದು ವ್ಯರ್ಥ. ಬ್ಯಾಕ್ಟೀರಿಯಗಳಿಗೆ ಗಿಡ ಸಕ್ಕರೆಯನ್ನು ಉಣಿಸಬೇಕು. ಮಣ್ಣಿನಲ್ಲಿ ನೈಟ್ರೇಟು ಸುಲಭವಾಗಿ ಸಿಕ್ಕರೆ ಗಿಡಕ್ಕೆ ಆ ವೆಚ್ಚವೇಕೆ? ಗಂಟುಗಳು ಸೊರಗುತ್ತವೆ. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಕೆಂಪಾಗಿದ್ದರೆ ಅದು ದುಡಿಯುತ್ತಿದೆ, ಹಸುರು ಅಥವಾ ಬೂದುಬಣ್ಣವಿದ್ದರೆ ಇಲ್ಲ. ರಂಜಕ, ಪೊಟ್ಯಾಷುಗಳ ಮಾತು ಬೇರೆ. ಅವನ್ನು ಗಾಳಿ ಕೊಡಲಾರದು.

ಇನ್ನು ಉಳುಮೆ. ಇಲ್ಲಿ ಭೌತಶಾಸ್ತ್ರ ಪ್ರವೇಶಿಸುತ್ತದೆ. ಉಳದೆ ಬಿಟ್ಟ ಹೊಲದಲ್ಲಿ ದಂಟಿನ ಹೊದಿಕೆ ಬಿಸಿಲನ್ನು ತಡೆದು ತೇವವನ್ನು ಉಳಿಸುತ್ತದೆ. ನೀರಿನ ವಿಶಿಷ್ಟೋಷ್ಣ ಒಣಮಣ್ಣಿನದಕ್ಕಿಂತ ಸುಮಾರು ಐದು ಪಟ್ಟು. ಆದ್ದರಿಂದ ಒದ್ದೆನೆಲ ನಿಧಾನವಾಗಿ ಬೆಚ್ಚಗಾಗುತ್ತದೆ. ಅಯೋವದ ಚಳಿಯ ವಸಂತದಲ್ಲಿ ಇದು ಜೋಳದ ಮೊಳಕೆಗೆ ತೊಡಕು. ತಡವಾಗಿ ಬಿತ್ತುವ, ಕವಲೊಡೆದು ಎಡೆಯನ್ನು ತುಂಬಿಕೊಳ್ಳುವ ಸೋಯಾ ಅದನ್ನು ಸಹಿಸುತ್ತದೆ. ಆದುದರಿಂದ ಜೋಳದ ಕೂಳೆಯ ನಡುವೆ ಸೋಯಾವನ್ನು ಉಳದೆ ಬಿತ್ತುವುದು ಸುಲಭ. ಸೋಯಾ ಕೊಯ್ದ ಮೇಲೆ ಉತ್ತರಂತೂ ಅಪಾಯ: ಇರುವ ಅಲ್ಪ ಕಸವೂ ಮರೆಯಾಗಿ, ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಮುಂದಿನ ಜೋಳಕ್ಕೆಂದು ಶರತ್ಕಾಲದಲ್ಲೇ ಅಮೋನಿಯ ಹಾಕಿದರೆ ಇನ್ನೊಂದು ನಷ್ಟ. ನೆಲ ಇನ್ನೂ ಬೆಚ್ಚಗಿದ್ದರೆ ಅದು ನೈಟ್ರೇಟಾಗಿ, ವಸಂತದ ಮಳೆಯೊಡನೆ ನೆಲದಡಿಯ ಬಸಿಗೊಳವೆಗಳ ಮೂಲಕ ಹೊಳೆಗೆ ಸೇರುತ್ತದೆ. ಅಯೋವದ ಡಿ ಮಾಯ್ನ್ ನಗರ ಕುಡಿಯುವ ನೀರಿನಿಂದ ನೈಟ್ರೇಟನ್ನು ತೆಗೆಯಲೆಂದೇ 1990ರ ದಶಕದ ಮೊದಲಲ್ಲಿ ಒಂದು ಸ್ಥಾವರವನ್ನು ಕಟ್ಟಬೇಕಾಯಿತು. ಮಿಸ್ಸಿಸ್ಸಿಪ್ಪಿಯಲ್ಲಿ ಹರಿದು ಮೆಕ್ಸಿಕೊ ಕೊಲ್ಲಿಯನ್ನು ಮುಟ್ಟಿದ ನೈಟ್ರೇಟು ಅಲ್ಲಿ ಪಾಚಿಯನ್ನು ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ, ಬೇಸಗೆಯಲ್ಲಿ ತಳದ ಮೀನುಗಳಿಗೆ ಉಸಿರಾಟ ದುಸ್ತರವಾಗುತ್ತದೆ.