ಈಜುಡುಗೆಯ ಹೊಲಿಗೆ ಏಕೆ ಬಿಟ್ಟುಕೊಳ್ಳುತ್ತದೆ?

ಪ್ರಶ್ನೆ: ಮಗಳಿಗೆ ಮನೆಯ ಮಷೀನಿನಲ್ಲೇ ಈಜುಡುಗೆ ಹೊಲಿದೆ. ಹಾಕಿಕೊಳ್ಳುವಾಗಲೇ ಹೊಲಿಗೆ ಪಟಪಟನೆ ಬಿಟ್ಟುಕೊಂಡಿತು. ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಬಹುಶಃ ನೇರ ಹೊಲಿಗೆ ಹಾಕಿದ್ದೀರಿ. ಈಜುಡುಗೆಯ ಬಟ್ಟೆ ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್ ಜತೆ ಸ್ಪ್ಯಾಂಡೆಕ್ಸ್ ಎಳೆ ಸೇರಿಸಿ ಹೆಣೆದದ್ದು. ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಈ ಎಳೆ ಹಲವು ಪಟ್ಟು ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ನೇರ ಹೊಲಿಗೆಯ ದಾರಕ್ಕೆ ಹಾಗೆ ಹಿಗ್ಗಲು ಅವಕಾಶವಿಲ್ಲ. ಬಟ್ಟೆ ಎಳೆದರೆ ಕಡಿದುಹೋಗುತ್ತದೆ. ಜಿಗ್‌ಜಾಗ್ ಹೊಲಿಗೆಯಲ್ಲಿ ದಾರ ಓರೆಯಾಗಿ ಸಾಗುವುದರಿಂದ ಎಳೆದಾಗ ನೇರವಾಗುತ್ತಾ ಬಟ್ಟೆಯ ಜತೆಗೇ ಹಿಗ್ಗುತ್ತದೆ.

ಸೂಜಿ ಸ್ಟ್ರೆಚ್ ಬಟ್ಟೆಗೆಂದೇ ಇರುವ 75/11 ಅಳತೆಯದಾಗಿರಲಿ. ಮಾಮೂಲಿ ಸೂಜಿಯಾದರೆ ನಡುನಡುವೆ ಹೊಲಿಗೆ ತಪ್ಪುತ್ತದೆ. ದಾರ ಪಾಲಿಯೆಸ್ಟರ್‌ನದೇ ಬೇಕು. ಹತ್ತಿಯ ದಾರ ಕ್ಲೋರಿನ್ ನೀರಿನಲ್ಲಿ ಬೇಗ ಸವೆಯುತ್ತದೆ. ಹೊಲಿಯುವಾಗ ಬಟ್ಟೆಯನ್ನು ಜಗ್ಗಬೇಡಿ, ಅಂಚು ಅಲೆಅಲೆಯಾಗುತ್ತದೆ. ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು, ಎರಡೂ ಕೈಯಲ್ಲಿ ಎಳೆದು ನೋಡಿ.

ಬಿಟ್ಟುಕೊಂಡ ಉಡುಗೆಯನ್ನು ದಯವಿಟ್ಟು ಎಸೆಯಬೇಡಿ. ಹಳೆಯ ದಾರ ತೆಗೆದು ಜಿಗ್‌ಜಾಗ್ ಹಾಕಿ. ಮಗಳು ನಿಶ್ಚಿಂತೆಯಿಂದ ಈಜಲಿ.