ಆರ್‌ಟಿಇ ಸೀಟು: ಅಣ್ಣನಿಗೆ ಸಿಕ್ಕಿದ್ದು ತಂಗಿಗೆ ಏಕಿಲ್ಲ?

ನಮ್ಮ ಕಾಲೇಜಿನಲ್ಲಿ ಆರ್‌ಟಿಇ ಸೀಟಿನಲ್ಲಿ ಓದಿ ಬಂದವರು ಹಲವರಿದ್ದಾರೆ. ನಾನೂ ಒಬ್ಬ. ಆದರೆ ಆ ಸೀಟಿನ ಹಣ ಯಾರು ಕಟ್ಟಿದರು, ಎಷ್ಟು ಕಟ್ಟಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಸುತ್ತಮುತ್ತಲಿನ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು. ಹಣ ಪೋಷಕರ ಕೈಗೆ ಬರುವುದಿಲ್ಲ, ಸರ್ಕಾರ ಶಾಲೆಗೇ ಕೊಡುತ್ತದೆ. ಶಾಲೆಯ ಫೀಸು, ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. (ಅಕೌಂಟೆನ್ಸಿಯಲ್ಲಿ ಕ್ಲೋಸಿಂಗ್ ಸ್ಟಾಕ್ ಲೆಕ್ಕ ಹಾಕುವ ಹಾಗೆಯೇ!) ಕರ್ನಾಟಕದಲ್ಲಿ ಒಂದನೇ ತರಗತಿಗೆ ಗರಿಷ್ಠ 16,000 ರೂಪಾಯಿ ಎಂದಿತ್ತು. ಅಂದರೆ ಫೀಸು 25,000 ಇದ್ದರೂ ಶಾಲೆಗೆ ಸಿಗುವುದು 16,000 ಮಾತ್ರ. ಈ ಸೌಲಭ್ಯ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ನನ್ನ ಪೂರ್ತಿ ಫೀಸನ್ನು ಅಬ್ಬಾ ಕಟ್ಟಿದರು.

ನನಗೆ 2014ರಲ್ಲಿ ಲಾಟರಿಯಲ್ಲಿ ಸೀಟು ಸಿಕ್ಕಿತು. ತಂಗಿಯ ಸರದಿ ಬಂದದ್ದು 2019ರಲ್ಲಿ. ಆ ವರ್ಷ ರಾಜ್ಯ ಸರ್ಕಾರ ನಿಯಮ ಬದಲಿಸಿತ್ತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ನಮ್ಮ ವಾರ್ಡಿನಲ್ಲಿ ಸರ್ಕಾರಿ ಉರ್ದು ಶಾಲೆ ಇದೆ, ಅಲ್ಲಿಗೆ ಮುಗಿಯಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿರುವಾಗ ಖಾಸಗಿಯವರಿಗೆ ದುಡ್ಡು ಏಕೆ ಎಂಬ ವಾದದಲ್ಲಿ ಹುರುಳಿದೆ, ನಮ್ಮ ಹೈಕೋರ್ಟ್ ಕೂಡ ಆ ನಿಯಮವನ್ನು ಎತ್ತಿಹಿಡಿಯಿತು. ಆದರೆ ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ರದ್ದುಮಾಡಿತು. ಒಂದೇ ಕಾಯ್ದೆ, ಎರಡು ರಾಜ್ಯದಲ್ಲಿ ಎರಡು ಫಲ.

ಅಮ್ಮಿಗೆ ಮಗಳು ಇಂಗ್ಲಿಷ್ ಮೀಡಿಯಂನಲ್ಲೇ ಓದಬೇಕೆಂಬ ಹಟ. ಫೀಸು ಕಟ್ಟಿ ನನ್ನ ಶಾಲೆಗೇ ಸೇರಿಸಿದರು. ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ ಸ್ವಲ್ಪ ನೆರವಾಗುತ್ತಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿತು. ಕೊಟ್ಟ ಕಾರಣ: ಶಿಕ್ಷಣ ಹಕ್ಕು ಕಾಯ್ದೆಯಿಂದ ಎಂಟನೇ ತರಗತಿಯವರೆಗೆ ಶಿಕ್ಷಣ ಉಚಿತವಾಗಿದೆ! ತಂಗಿಗೆ ಆರ್‌ಟಿಇ ಸೀಟೂ ಇಲ್ಲ, ಆರ್‌ಟಿಇ ಇದೆ ಎಂಬ ಕಾರಣಕ್ಕೆ ಸ್ಕಾಲರ್‌ಶಿಪ್ಪೂ ಇಲ್ಲ.

ನಮ್ಮ ಸಮುದಾಯದವರು ನಡೆಸುವ ಶಾಲೆಗಳಲ್ಲಿ ಈ ಸೀಟು ಕೇಳಬಹುದೇ ಎಂದು ಗೆಳೆಯರು ಕೇಳುತ್ತಾರೆ. ಕೇಳುವಂತಿಲ್ಲ. ಸಂವಿಧಾನದ 30ನೇ ವಿಧಿಯ ಆಧಾರದಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ. ಅಲ್ಲಿ ಬಡ ಮಗುವಿಗೆ ಉಳಿದಿರುವುದು ಆಡಳಿತ ಮಂಡಳಿಯ ರಿಯಾಯಿತಿ, ಇಲ್ಲವೇ ಯಾರದಾದರೂ ಝಕಾತ್. ಹಕ್ಕಾಗಿ ಪಡೆಯುವುದಕ್ಕೂ ಕೇಳಿ ಪಡೆಯುವುದಕ್ಕೂ ವ್ಯತ್ಯಾಸವಿದೆ ಎಂದು ನನಗನಿಸುತ್ತದೆ.

ಮನೆಯಲ್ಲಿ ಚಿಕ್ಕ ತಮ್ಮ-ತಂಗಿಯರಿದ್ದರೆ, ಅರ್ಜಿ ಹಾಕುವ ಮೊದಲು ನಿಮ್ಮ ವಾರ್ಡಿನ ಯಾವ ಶಾಲೆಗಳು ಆರ್‌ಟಿಇ ಪಟ್ಟಿಯಲ್ಲಿವೆ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಒಂಬತ್ತನೇ ತರಗತಿಯ ಫೀಸು ಎಷ್ಟೆಂದು ಶಾಲೆಯನ್ನು ಅಂದೇ ಕೇಳಿ.