ಯಾರ ಎಡ, ಯಾರ ಬಲ?



ಹೋದ ಸಲದ ಗೋಡೆ ಪತ್ರಿಕೆಗೆ ಮಾನವ ದೇಹದ ಚಿತ್ರ ಬರೆದವನು ನಾನೇ. ಅದರಲ್ಲಿ ಯಕೃತ್ತನ್ನು, ಅಂದರೆ ಲಿವರನ್ನು, ಹಾಳೆಯ ಬಲಗಡೆ ಬಿಡಿಸಿದ್ದೆ. ಗುರುಗಳು ತಪ್ಪು ಎಂದರು. "ಬಲಕ್ಕ ಇರತೈತಿ ಅಂತ ಪುಸ್ತಕದಾಗ ಐತ್ರೀ ಸರ" ಅಂದೆ. "ಯಾರ ಬಲಕ್ಕ?" ಎಂದು ಕೇಳಿದರು. ನಾನು ಸುಮ್ಮನೆ ನಿಂತೆ.

ಚಿತ್ರದಲ್ಲಿಯ ಮನುಷ್ಯ ನಮ್ಮ ಕಡೆ ಮುಖ ಮಾಡಿ ನಿಂತಿರುತ್ತಾನೆ. ಅವನ ಬಲ ನಮಗೆ ಎಡ. ಅಂಗರಚನಾ ಶಾಸ್ತ್ರದಲ್ಲಿ ಎಡ-ಬಲ ಎಂದರೆ ಆ ದೇಹದ್ದೇ, ನೋಡುವವರದಲ್ಲ. ಇದು ಸಣ್ಣ ಮಾತಲ್ಲ. ಮೂತ್ರಪಿಂಡ ಎರಡಿವೆ. ಎಡದ್ದು ಕೆಟ್ಟಾಗ ಬಲದ್ದನ್ನು ತೆಗೆದರೆ ಮನುಷ್ಯನ ಗತಿ ಏನು? ಅದಕ್ಕೇ ಆಪರೇಷನ್ನಿಗೆ ಮೊದಲು ಆ ಬದಿಯ ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡುತ್ತಾರೆ.

ಎಲ್ಲ ದೇಶದ ವೈದ್ಯರೂ ಒಂದೇ ನಿಲುವನ್ನು ಒಪ್ಪಿಕೊಂಡಿದ್ದಾರೆ. ನೆಟ್ಟಗೆ ನಿಂತು, ಮುಖ ಮುಂದೆ ಮಾಡಿ, ಕೈ ಇಳಿಬಿಟ್ಟು, ಅಂಗೈ ಮುಂದೆ ಕಾಣುವಂತೆ ತಿರುಗಿಸಬೇಕು. ನಿಂತು ನೋಡಿರಿ, ಹೆಬ್ಬೆರಳು ಹೊರಗಡೆ ಬರುತ್ತದೆ. ನಾವು ಪ್ರಾರ್ಥನೆಗೆ ಸಾವಧಾನ ನಿಂತಂತೆ ಅಲ್ಲ, ಅಲ್ಲಿ ಅಂಗೈ ತೊಡೆಗೆ ತಾಗಿರುತ್ತದೆ. ರೋಗಿ ಮಲಗಿರಲಿ, ಮಗ್ಗದ ಮುಂದೆ ಬಗ್ಗಿ ಕುಂತಿರಲಿ, ಹೆಸರು ಹೇಳುವಾಗ ಹೀಗೇ ನಿಂತಿದ್ದಾನೆ ಎಂದುಕೊಳ್ಳಬೇಕು. ಶೀರ್ಷಾಸನ ಹಾಕಿದರೂ ಮೂಗು ಬಾಯಿಗಿಂತ ಮೇಲೆಯೇ!

ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ನಮ್ಮ ಕಾಕಾ ದವಾಖಾನೆಗೆ ಹೋಗಿ "ಕೈ ನೋಯತೈತ್ರಿ" ಅಂದನಂತೆ. "ಕೈ ಅಂದ್ರ ಎಲ್ಲಿ? ರಟ್ಟಿನೋ, ಮೊಣಕೈನೋ, ಮುಂಗೈನೋ?" ಎಂದು ಡಾಕ್ಟರು ಕೇಳಿದರಂತೆ. ನಾವು ಹೆಗಲಿನಿಂದ ಬೆರಳಿನವರೆಗೆ ಎಲ್ಲಕ್ಕೂ ಕೈ ಎನ್ನುತ್ತೇವೆ. ಬೇರೆ ಬೇರೆ ಹೆಸರು ನಮ್ಮಲ್ಲಿ ಇಲ್ಲವೆಂದಲ್ಲ. ಟೊಂಕ, ಪಕ್ಕಡಿ, ಮೀನಖಂಡ, ಹಿಂಬಡ ಎಲ್ಲವೂ ನಮ್ಮ ಅಜ್ಜಿಯ ಬಾಯಲ್ಲಿವೆ.

ದೇಹದ ಒಳಗಿನ ಜೋಡಣೆ ಮಗ್ಗದವರಿಗೆ ಬೇಗ ತಿಳಿಯುತ್ತದೆ. ಜೀವಕೋಶಗಳು ಕೂಡಿ ಅಂಗಾಂಶ, ಅಂಗಾಂಶಗಳು ಕೂಡಿ ಜಠರದಂಥ ಅಂಗ, ಅಂಗಗಳು ಕೂಡಿ ಜೀರ್ಣಾಂಗವ್ಯೂಹ. ಅಂಗಾಂಶಕ್ಕೆ ಇಂಗ್ಲಿಷಿನಲ್ಲಿ ಟಿಶ್ಯೂ ಎನ್ನುತ್ತಾರೆ. ಅದು ಫ್ರೆಂಚಿನಿಂದ ಬಂದ ಮಾತು, ಮೂಲ ಅರ್ಥ 'ನೇಯ್ದದ್ದು'! 1800ರ ಸುಮಾರಿಗೆ ಫ್ರಾನ್ಸಿನ ವೈದ್ಯ ಬಿಷಾ ಸೂಕ್ಷ್ಮದರ್ಶಕವಿಲ್ಲದೆ ಇಂಥ 21 ಬಗೆಗಳನ್ನು ಗುರುತಿಸಿದ್ದನು. ರಬಕವಿಯ ಹಾಸು-ಹೊಕ್ಕು ನಮ್ಮ ಮೈಯೊಳಗೂ ಇದೆ ಎಂದು ನನಗೆ ಬಹಳ ಖುಷಿಯಾಯಿತು.

ಚಿತ್ರ ನೋಡಿ ಕಲಿತರೆ ನನ್ನ ಹಾಗೆ ತಪ್ಪಾಗುತ್ತದೆ. ವೈದ್ಯರಾಗುವವರು ನಿಜವಾದ ದೇಹದಲ್ಲೇ ಕಲಿಯಬೇಕು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಕೊಡಲು ಬಯಸಿದ್ದರು. 2008ರಲ್ಲಿ ತೀರಿಕೊಂಡರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆ.ಎಲ್.ಇ. ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದರು. 2010ರ ನವೆಂಬರಿನಲ್ಲಿ ಅವರೇ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ಛೇದಿಸಿ ಪಾಠ ಮಾಡಿದರು. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಆ ಮಗನ ಕೈ ನಡಗಿರಬೇಕು" ಅಂದಳು.

ಈ ಸಲದ ಚಿತ್ರ ಪಕ್ಕದಲ್ಲಿದೆ. ಲಿವರ್ ನಿಮ್ಮ ಎಡಗಡೆ ಇದೆ. ತಪ್ಪೆಂದು ಯಾರೂ ಪೆನ್ಸಿಲಿನಿಂದ ತಿದ್ದಬೇಡಿರಿ.